ಖಾರ ತಾಗದ ನಾಲಿಗೆ: ಗಿಳಿಮರಿಯ ಗುಟುಕು ಬಿಡಿಸುವ ಕಾಲ ಮತ್ತು ಸಂಕೇಶ್ವರಿ ಮೆಣಸಿನಕಾಯಿ

ಹಿರಣ್ಯಕೇಶಿ ನದಿಯ ದಂಡೆಯ ಸಂಕೇಶ್ವರ ಮೆಣಸಿನಕಾಯಿಗೆ ಹೆಸರಾದ ಊರು. ಉದ್ದನೆಯ, ತೆಳ್ಳನೆಯ, ಬಲು ಖಾರದ ‘ಸಂಕೇಶ್ವರಿ’ ಗಡಿಯಾಚೆಯ ಗಡಹಿಂಗ್ಲಜ, ಕೊಲ್ಹಾಪುರಗಳ ಮಸಾಲೆಗೂ ಬೇಕಾದ ಕಾಯಿ. ಕುಟ್ಟುವವರ ಕಣ್ಣುಮೂಗುಗಳಲ್ಲಿ ನೀರಿಳಿಸುವ ಇದೇ ಕಾಯಿಯನ್ನು ಗಿಳಿ ಒಂದು ಕಾಲಿನಲ್ಲಿ ಎತ್ತಿ ಹಿಡಿದು, ಕೊಕ್ಕಿನ ತುದಿಯಿಂದ ಸೀಳಿ, ದಪ್ಪ ನಾಲಿಗೆಯಿಂದ ಬೀಜಗಳನ್ನು ಒಂದೊಂದಾಗಿ ಹೊರಳಿಸಿ ಒಡೆದು, ಸಿಪ್ಪೆ ಉದುರಿಸುತ್ತ ನಿರಾಳವಾಗಿ ತಿನ್ನುತ್ತದೆ. ಈ ನಿರಾಳತೆಯ ಹಿಂದಿರುವ ಕಾರಣವು ಮರಿಗಿಳಿಗೆ ತಾಜಾ ಆಹಾರವನ್ನು ರೂಢಿಸುವ ಕೆಲಸಕ್ಕೂ ನೆರವಾಗುವಂಥದ್ದು.

ಮೆಣಸಿನಕಾಯಿಯ ಖಾರಕ್ಕೆ ಮೂಲವಾದ ಕ್ಯಾಪ್ಸೈಸಿನ್ ಎಂಬ ದ್ರವ್ಯವು ಸಸ್ತನಿಗಳ ನರತುದಿಯಲ್ಲಿರುವ ಗ್ರಾಹಕವೊಂದನ್ನು, ಅಂದರೆ ಸುಡುವ ಬಿಸಿಯನ್ನು ಗುರುತಿಸುವ ಪ್ರೋಟೀನನ್ನು, ಕೆರಳಿಸುವುದರಿಂದ ಮನುಷ್ಯನಿಗೆ ಬಾಯಿ ಉರಿದಂತಾಗುತ್ತದೆ. ಹಕ್ಕಿಗಳಲ್ಲಿಯೂ ಆ ಗ್ರಾಹಕ ಇದೆಯಾದರೂ, ಕೋಳಿಯಿಂದ ಪಡೆದ ಅದರ ಪ್ರತಿರೂಪವು ಬಿಸಿಗೆ ಸ್ಪಂದಿಸುತ್ತದೆಯೇ ಹೊರತು ಕ್ಯಾಪ್ಸೈಸಿನ್‌ಗೆ ಸ್ಪಂದಿಸುವುದಿಲ್ಲವೆಂದು ಸ್ವೆನ್-ಎರಿಕ್ ಜೋರ್ಡ್ಟ್ ಮತ್ತು ಡೇವಿಡ್ ಜೂಲಿಯಸ್ 2002ರಲ್ಲಿ ತೋರಿಸಿದರು. ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಪುರಸ್ಕಾರ ಸಂದದ್ದು ಇದೇ ಗ್ರಾಹಕವನ್ನು ಪತ್ತೆಹಚ್ಚಿದ್ದಕ್ಕಾಗಿ. ಕೋಳಿಯ ಗ್ರಾಹಕದ ಆ ಅಧ್ಯಯನಕ್ಕೂ ಒಂದು ವರ್ಷ ಮೊದಲು, 2001ರಲ್ಲಿ, ಜೋಶುವಾ ಟ್ಯೂಕ್ಸ್‌ಬರಿ ಮತ್ತು ಗ್ಯಾರಿ ನಬ್ಹಾನ್ ಅಮೆರಿಕದ ಅರಿಜೋನಾದ ಕಾಡುಮೆಣಸಿನ ಗಿಡಗಳನ್ನು ಅಭ್ಯಸಿಸಿ, ಬೀಜವನ್ನು ಅರೆದು ಹಾಳುಮಾಡುವ ಇಲಿಗಳನ್ನು ಖಾರ ದೂರವಿಡುತ್ತದೆ, ಬೀಜವನ್ನು ಇಡಿಯಾಗಿ ನುಂಗಿ ಹಿಕ್ಕೆಯಲ್ಲಿ ದೂರಕ್ಕೆ ಒಯ್ಯುವ ಹಕ್ಕಿಗಳನ್ನು ತಡೆಯುವುದಿಲ್ಲ ಎಂದು ಪ್ರಕಟಿಸಿದ್ದರು. ಈ ಸೊಗಸಾದ ವಿವರಣೆಯನ್ನು ಗಿಳಿಗೆ ಹಾಗೆಯೇ ಅನ್ವಯಿಸುವುದು ಮಾತ್ರ ಕಷ್ಟ. ಏಕೆಂದರೆ ಗಿಳಿ ಬೀಜವನ್ನು ಒಡೆದೇ ತಿನ್ನುವುದರಿಂದ ಗಿಡದ ಪಾಲಿಗೆ ಅದು ಬಿತ್ತುವವನಿಗಿಂತ ಕೊಳ್ಳೆಗಾರನೇ ಸರಿ. ಅಮೆರಿಕ ಖಂಡಗಳ ಮೂಲದ ಈ ಗಿಡ ಪೋರ್ಚುಗೀಸರ ಕಾಲದಲ್ಲಿ, 16ನೆಯ ಶತಮಾನದಲ್ಲಿ ಭಾರತಕ್ಕೆ ಬಂದದ್ದು. ಅಂದರೆ ನಮ್ಮ ಗಿಳಿಗಳು ಖಾರಕ್ಕೆ ಒಗ್ಗಿಕೊಂಡವಲ್ಲ, ಅವುಗಳಿಗೆ ಖಾರವೆಂಬುದು ಮೊದಲಿನಿಂದಲೂ ತಾಗಿಯೇ ಇಲ್ಲ.

ಇಲ್ಲಿ ಒಂದು ಮಾತನ್ನು ಖಚಿತವಾಗಿ ಹೇಳಲೇಬೇಕು. ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ಜೋಳದ ತೆನೆಗಳಿಗೆ ಎರಗುವ ಕೊರಳಪಟ್ಟಿಯ ಹಸಿರು ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಗೂಡಿನಿಂದ ಬಿದ್ದ ಅದರ ಮರಿ ಸಿಕ್ಕಿದರೆ ಸಾಕಿಕೊಳ್ಳದೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಮನೆಗಳಲ್ಲಿ ಸಾಕುವ ಗಿಳಿಜಾತಿಯ ಬಡ್ಜರಿಗಾರ್ ಮತ್ತು ಕಾಕಟೀಲ್‌ಗಳು ಆಸ್ಟ್ರೇಲಿಯಾ ಮೂಲದವು, ಲವ್‌ಬರ್ಡ್‌ಗಳು ಆಫ್ರಿಕಾ ಮೂಲದವು. ಬಡ್ಜರಿಗಾರ್ ಅನ್ನು 1840ರಲ್ಲಿ ಪಕ್ಷಿತಜ್ಞ ಜಾನ್ ಗೌಲ್ಡ್ ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ ಬಳಿಕ ಅದು ಲೋಕದ ಮನೆಮನೆಗಳಿಗೂ ಹಬ್ಬಿತು. ಒಣಕಾಳೊಂದೇ ಸಾಕೆಂಬ ನಂಬಿಕೆಯೂ ಜೊತೆಗೇ ಹಬ್ಬಿತು. ಕಾಡಿನ ಬಡ್ಜರಿಗಾರ್ ಹುಲ್ಲಿನ ಬೀಜ ತಿಂದೇ ಬದುಕುವುದು ನಿಜ. ಆದರೆ ಅದು ಬೀಜ ಅರಸಿ ದೂರ ದೂರ ಹಾರುತ್ತದೆ, ಪಂಜರದ ಹಕ್ಕಿ ಬಟ್ಟಲ ಮುಂದೆ ಕುಳಿತಿರುತ್ತದೆ. ಎಣ್ಣೆಯೇ ಹೆಚ್ಚಾಗಿರುವ ಸೂರ್ಯಕಾಂತಿ, ಕುಸುಬೆಗಳಿಂದ ಅದರ ಯಕೃತ್ತಿನಲ್ಲಿ ಕೊಬ್ಬು ಕಟ್ಟುತ್ತದೆ. ಆ ಕಾಳುಗಳಲ್ಲಿ ಸುಣ್ಣದಂಶ ತೀರ ಕಡಿಮೆ; ‘ಎ’ ಜೀವಸತ್ವವೂ ತೀರ ಕಡಿಮೆಯಾದ್ದರಿಂದ ಬಾಯಿ ಮತ್ತು ಉಸಿರುನಾಳದ ಒಳಪೊರೆ ಒರಟಾಗಿ ಸೋಂಕಿಗೆ ದಾರಿಯಾಗುತ್ತದೆ. ಕೆಂಪು ಮೆಣಸಿನಕಾಯಿಯ ಮಹತ್ವ ಇರುವುದು ಇಲ್ಲಿಯೇ: ದೇಹವು ‘ಎ’ ಜೀವಸತ್ವವನ್ನಾಗಿ ಮಾರ್ಪಡಿಸಿಕೊಳ್ಳುವ ಕ್ಯಾರೊಟೀನ್ ಎಂಬ ಬಣ್ಣದ್ರವ್ಯ ಅದರಲ್ಲಿ ಧಾರಾಳವಾಗಿದೆ, ಮತ್ತು ಒಳಗೆ ಬೀಜ ತುಂಬಿರುವುದರಿಂದ ಸೊಪ್ಪನ್ನು ಮುಟ್ಟದ ಹಕ್ಕಿಯೂ ಅದನ್ನು ಬಿಚ್ಚಿ ನೋಡುತ್ತದೆ.

ಇಂಥ ತಾಜಾ ಆಹಾರವನ್ನು ರೂಢಿಸಲು ತಕ್ಕ ಸಮಯ ಮರಿ ಗುಟುಕು ಬಿಡುವ ಕಾಲವೇ. ತಾಯಿಹಕ್ಕಿ ಮರಿಗೆ ಗುಟುಕು ಕೊಡುತ್ತದೆ. ಕೈಯಲ್ಲಿ ಬೆಳೆಸುವ ಮರಿಗೆ ಆ ಜಾಗದಲ್ಲಿ ಬೆಚ್ಚನೆಯ ಗಂಜಿ ಕೊಡಬೇಕಾಗುತ್ತದೆ. ಅದು 39ರಿಂದ 41 ಡಿಗ್ರಿ ಸೆಲ್ಸಿಯಸ್ ಇರಬೇಕು. ಹೆಚ್ಚು ಬಿಸಿಯಾದರೆ ಅನ್ನಚೀಲ, ಅಂದರೆ ಕೊರಳ ಬುಡದಲ್ಲಿ ಆಹಾರ ಕೂಡಿಡುವ ಸಂಚಿ, ಸುಟ್ಟುಹೋಗುತ್ತದೆ. ಕಾಕಟೀಲ್ ಮರಿ ಸುಮಾರು ಐದು ವಾರಕ್ಕೆ ಗೂಡು ಬಿಟ್ಟು, ಏಳರಿಂದ ಹತ್ತು ವಾರಗಳ ನಡುವೆ ತಾನೇ ತಿನ್ನಲು ಕಲಿಯುತ್ತದೆ. ಈ ಕೆಲವು ವಾರಗಳಲ್ಲಿ ಮರಿ ಎದುರಿಗೆ ಬಂದದ್ದನ್ನೆಲ್ಲ ಕೊಕ್ಕಿನಿಂದ ಪರೀಕ್ಷಿಸುತ್ತದೆ. ಆಗ ಕಾಣದೆ ಉಳಿದ ಆಹಾರವನ್ನು ಬೆಳೆದ ಮೇಲೆ ಅನುಮಾನದಿಂದಲೇ ದೂರವಿಡುವುದು ಸಾಮಾನ್ಯ. ಆದ್ದರಿಂದ ಮೆಂತ್ಯೆ, ನುಗ್ಗೆಸೊಪ್ಪು, ತುರಿದ ಗಜ್ಜರಿ, ಬೇಯಿಸಿದ ಗೆಣಸು, ಮೊಳಕೆ ಬಂದ ಹೆಸರು, ಹಾಲುಗಾಳಿನ ಗೋವಿನಜೋಳ, ಉದ್ದಕ್ಕೆ ಸೀಳಿದ ಮೆಣಸಿನಕಾಯಿ ಇವೆಲ್ಲ ಒಣಕಾಳಿಗಿಂತ ಮೊದಲೇ ಅದರ ಮುಂದಿರಬೇಕು. ಹೊಟ್ಟೆ ಕಾಯಿಸಿ ತಿನ್ನಿಸುವ ಪದ್ಧತಿ ಕ್ರೂರವೂ ಹೌದು, ನಿಷ್ಫಲವೂ ಹೌದು; ಹಸಿದ ಮರಿ ಹೊಸದನ್ನು ಪರೀಕ್ಷಿಸುವುದಿಲ್ಲ, ಗಂಜಿಗಾಗಿ ಅರಚುತ್ತದೆ.

ಬೇಸಿಗೆಯ ಬಿಸಿಲಿನಲ್ಲಿ ಹಸಿ ಪದಾರ್ಥ ಎರಡು-ಮೂರು ಗಂಟೆಗೇ ಹಳಸುವುದರಿಂದ ಬಟ್ಟಲನ್ನು ಆಗಾಗ ಬದಲಿಸಬೇಕು. ಪೇಟೆಯ ಮೆಣಸಿನಕಾಯಿಗೆ ಕೀಟನಾಶಕ ಸಿಂಪಡಿಸಿರುವ ಸಾಧ್ಯತೆ ಹೆಚ್ಚಾದ್ದರಿಂದ ಹಿತ್ತಲಿನ ಗಿಡದ ಕಾಯಿಯೇ ಲೇಸು. ಬೆಣ್ಣೆಹಣ್ಣು, ಚಾಕೊಲೇಟ್, ಚಹಾ ಗಿಳಿಗಳಿಗೆ ವಿಷ. ಮೆಣಸಿನಕಾಯಿ ಒಗ್ಗುತ್ತದೆಂದು ಅದೇ ಕಾಯಿಯಿಂದ ಮಾಡಿದ ಮಸಾಲೆ ಖಾರವನ್ನು ಕೊಡುವುದಂತೂ ಸಲ್ಲದು. ಅದರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಮೂರೂ ಇರುತ್ತವೆ. ಮುಂಜಾನೆ ಏನನ್ನೂ ಕೊಡುವ ಮೊದಲು ಮರಿಯನ್ನು ಗ್ರಾಂ ಲೆಕ್ಕದ ತಕ್ಕಡಿಯಲ್ಲಿ ತೂಗಿ ಬರೆದಿಡುವುದು ಒಳ್ಳೆಯದು. ಹಾರಲು ಕಲಿಯುವಾಗ ತೂಕ ತುಸು ಇಳಿಯುವುದು ಸಹಜ, ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿದರೆ ಪಶುವೈದ್ಯರಿಗೆ ತೋರಿಸಬೇಕು. ಹಗಲಿನ ಗಂಜಿಯನ್ನು ಒಂದೊಂದೇ ಹೊತ್ತು ಬಿಡಿಸುತ್ತ ಬಂದು, ಸಂಜೆ ಅನ್ನಚೀಲ ತಾನಾಗಿಯೇ ತಿಂದ ಆಹಾರದಿಂದ ತುಂಬಿ, ಮುಂಜಾನೆಯ ತೂಕ ಒಂದು ವಾರ ಸ್ಥಿರವಾಗಿ ನಿಂತ ಮೇಲೆಯೇ ರಾತ್ರಿಯ ಕೊನೆಯ ಗುಟುಕನ್ನು ನಿಲ್ಲಿಸಬೇಕು.