ಕಣ್ಣಿಗೆ ಕಾಣದ ಕಾವಲುಗಾರರು

ಕಾರವಾರದ ಬಳಿ ಕಾಳಿ ನದಿಯ ಅಳಿವೆಯಲ್ಲಿಯೂ ಅಂಕೋಲೆಯ ಬಳಿ ಗಂಗಾವಳಿಯ ಅಳಿವೆಯಲ್ಲಿಯೂ ದಿನಕ್ಕೆ ಎರಡು ಬಾರಿ ಉಬ್ಬರದ ನೀರು ಏರಿಬರುತ್ತದೆ. ಎರಡು ಬಾರಿ ಇಳಿದುಹೋಗುತ್ತದೆ. ಈ ಉಪ್ಪುನೀರು ಹೊಗುವ ತಗ್ಗಿನ ಗದ್ದೆಗಳಿಗೆ ಉತ್ತರ ಕನ್ನಡದ ಕರಾವಳಿಯಲ್ಲಿ ಗಜನಿ ಎಂದು ಹೆಸರು. ಮಳೆಗಾಲದಲ್ಲಿ ಉಪ್ಪನ್ನು ಸಹಿಸಬಲ್ಲ ಕಗ್ಗ ಎಂಬ ಭತ್ತವನ್ನು ಬೆಳೆಯುವುದು, ಕೊಯ್ಲು ಮುಗಿದ ಮೇಲೆ ತೂಬನ್ನು ತೆರೆದು ಉಬ್ಬರದೊಡನೆ ಬಂದ ಮೀನು, ಸಿಗಡಿಗಳನ್ನು ಒಳಗೆ ತಡೆದು ಬೆಳೆಸುವುದು ಗಜನಿಯ ಹಳೆಯ ಪದ್ಧತಿ.

ಈ ಹಳೆಯ ಪದ್ಧತಿಯಲ್ಲಿ ಸಿಗಡಿಗೆ ಮೇವು ಹಾಕುವವರಿಲ್ಲ. ಹಾಗಾದರೆ ಅದು ಬೆಳೆಯುವುದು ಹೇಗೆ? ಗದ್ದೆಯಲ್ಲಿ ಉಳಿದ ಭತ್ತದ ಕೂಳೆಯನ್ನು ಬ್ಯಾಕ್ಟೀರಿಯಾಗಳೂ ಶಿಲೀಂಧ್ರಗಳೂ ಕೊಳೆಯಿಸುತ್ತವೆ. ಅವುಗಳನ್ನು ತಿಂದು ಸಣ್ಣ ಜೀವಿಗಳು ಬೆಳೆಯುತ್ತವೆ. ಕೊಳೆತ ಕಣಗಳನ್ನೂ ಈ ಸಣ್ಣ ಜೀವಿಗಳನ್ನೂ ತಿಂದು ಸಿಗಡಿ ಪುಷ್ಟಿಗೊಳ್ಳುತ್ತದೆ. ಹೀಗೆ ಗಜನಿಯ ಅಡಿಗೆಮನೆಯನ್ನು ನಡೆಸುವವರು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೇ.

ಮೀನನ್ನು ಒತ್ತಾಗಿ ಸಾಕುವ ಕೊಳಗಳಲ್ಲಿ ಇವುಗಳ ಕೆಲಸ ಇನ್ನೂ ಹಿರಿದು. ಮೀನುಗಳು ತಮ್ಮ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಬಿಡುತ್ತವೆ. ತಿಂದುಳಿದ ಮೇವು ಕೊಳೆತಾಗಲೂ ಅಮೋನಿಯ ಹುಟ್ಟುತ್ತದೆ. ಇದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ಅಪಾಯಕಾರಿಯೇ. ಆದರೆ ಇನ್ನೊಂದು ಬಗೆಯವು ಅದನ್ನು ಬಹುಮಟ್ಟಿಗೆ ನಿರಪಾಯವಾದ ನೈಟ್ರೇಟ್ ಆಗಿ ಬದಲಿಸುತ್ತವೆ. ಒಬ್ಬರು ಮುಗಿಸಿದ ಕೆಲಸವನ್ನು ಮತ್ತೊಬ್ಬರು ಮುಂದುವರಿಸುವ ಈ ಸಹಕಾರ ಮುರಿದರೆ ಕೊಳವೇ ವಿಷಮಯವಾಗುತ್ತದೆ.

ಇವುಗಳಿಗೆ ಆಮ್ಲಜನಕ ಬೇಕು. ಹಗಲಿನಲ್ಲಿ ನೀರಿನ ಹಸಿರು ಪಾಚಿ ಆಮ್ಲಜನಕವನ್ನು ಒದಗಿಸುತ್ತದೆ. ರಾತ್ರಿ ಅದೂ ಆಮ್ಲಜನಕವನ್ನೇ ಬಳಸುತ್ತದೆ. ಆದಕಾರಣ ಬೆಳಗಿನ ಜಾವದಲ್ಲಿ ಆಮ್ಲಜನಕ ತೀರ ಕಡಿಮೆಯಾಗಿ, ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆಯುವುದುಂಟು. ಆಮ್ಲಜನಕವಿಲ್ಲದ ತಳದ ಕೆಸರಿನಲ್ಲಿ ಬೇರೊಂದು ಬಗೆಯ ಬ್ಯಾಕ್ಟೀರಿಯಾಗಳು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಉಂಟುಮಾಡುತ್ತವೆ. ಕಪ್ಪಾದ ಕೆಸರು ಕೃಷಿಕನಿಗೆ ಮುನ್ನೆಚ್ಚರಿಕೆ.

ಸೂಕ್ಷ್ಮಜೀವಿಗಳು ಮೀನಿನ ಮೈಮೇಲೂ ನೆಲೆಸಿವೆ. ಹಿಡಿದ ಮೀನು ಕೈಯಿಂದ ಜಾರುವುದು ಅದರ ಮೈಯನ್ನು ಹೊದೆದ ಲೋಳೆಯಿಂದ. ಈ ಲೋಳೆಯಲ್ಲಿ ರೋಗಾಣುಗಳನ್ನು ಕೊಲ್ಲುವ ದ್ರವ್ಯಗಳಿವೆ. ನಿರುಪದ್ರವಿ ಬ್ಯಾಕ್ಟೀರಿಯಾಗಳ ಬೀಡೂ ಅಲ್ಲಿದೆ. ಜಾಗವನ್ನೂ ಆಹಾರವನ್ನೂ ಇವು ಮೊದಲೇ ಆಕ್ರಮಿಸಿರುವುದರಿಂದ ಹೊರಗಿನ ರೋಗಾಣುಗಳಿಗೆ ನೆಲೆಯೂರಲು ಎಡೆ ದೊರೆಯುವುದು ಕಷ್ಟ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕಾರವಾರ ಕೇಂದ್ರವು ಕಡಲಿನಲ್ಲಿ ತೇಲುವ ಪಂಜರಗಳಲ್ಲಿ ಕೋಬಿಯಾ, ಸೀಬಾಸ್ ಮೊದಲಾದ ಮೀನುಗಳನ್ನು ಬೆಳೆಸಿದೆ. ಇಂತಹ ಪಂಜರದಲ್ಲಿ ಇಕ್ಕಟ್ಟಾಗಿ ಬಲೆಗೆ ಮೈ ಉಜ್ಜಿದರೆ ಲೋಳೆ ಹರಿಯುತ್ತದೆ. ಆಗ ಎಂದಿನಿಂದಲೂ ಕಡಲ ನೀರಿನಲ್ಲಿರುವ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾಗಳು ಗಾಯವನ್ನು ಹೊಕ್ಕು ಹುಣ್ಣನ್ನು ಉಂಟುಮಾಡುತ್ತವೆ. ಕೋಟೆ ಒಡೆದಾಗ ಬಾಗಿಲಲ್ಲಿದ್ದವನೇ ಶತ್ರುವಾದಂತೆ!

ಸಮತೋಲ ತಪ್ಪಿದಾಗ ಆಗುವ ಹಾನಿ ಸಣ್ಣದಲ್ಲ. 1994–95ರ ಸುಮಾರಿಗೆ ಭಾರತದ ಕರಾವಳಿಯ ಸಿಗಡಿ ಕೊಳಗಳಿಗೆ ಬಿಳಿಚುಕ್ಕೆ ರೋಗ ತಗುಲಿತು. ಇದು ವೈರಸ್ಸಿನಿಂದ ಬರುವ ರೋಗ. ಲಕ್ಷಣ ಕಂಡ 3ರಿಂದ 10 ದಿನಗಳೊಳಗೆ ಕೊಳದ ಸಿಗಡಿಯೆಲ್ಲವೂ ಸಾಯಬಹುದು. ಸಾಲ ಮಾಡಿ ಕೊಳ ತೋಡಿಸಿದ ಕೃಷಿಕನ ಪಾಡನ್ನು ಊಹಿಸಿಕೊಳ್ಳಬಹುದು. ಪ್ರತಿಜೀವಕ ಔಷಧಗಳು ವೈರಸ್ಸನ್ನು ಕೊಲ್ಲಲಾರವು. ಅವುಗಳನ್ನು ಸುರಿದರೆ ಉಪಕಾರಿ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಔಷಧಕ್ಕೆ ಬಗ್ಗದ ರೋಗಾಣುಗಳು ಉಳಿದು ವೃದ್ಧಿಯಾಗುತ್ತವೆ.

ಆದುದರಿಂದ ರೋಗ ಬಾರದಂತೆ ನೋಡಿಕೊಳ್ಳುವುದೇ ಜಾಣತನ. ಪರೀಕ್ಷಿಸಿದ ಮರಿಗಳನ್ನು ಬಿಡುವುದು, ಕೊಳದ ಅಳತೆಗೆ ಮೀರಿ ತುಂಬದಿರುವುದು, ಮೇವನ್ನು ಮಿತವಾಗಿ ಹಾಕುವುದು, ಬೆಳೆ ತೆಗೆದ ಮೇಲೆ ತಳವನ್ನು ಬಿಸಿಲಿಗೆ ಒಣಗಿಸಿ ಸುಣ್ಣ ಹಾಕುವುದು – ಇವೆಲ್ಲ ಸರಳ ಕ್ರಮಗಳು. ಸೂಕ್ಷ್ಮಜೀವಿ ಎಂದೊಡನೆ ರೋಗವನ್ನೇ ನೆನೆಯುವುದು ಸರಿಯಲ್ಲ. ಮೀನನ್ನು ಸಾಕುವವನು ಮೊದಲು ನೀರನ್ನು ಸಾಕಬೇಕು. ನೀರನ್ನು ಸಾಕುವುದೆಂದರೆ ಅದರಲ್ಲಿರುವ ಕಾಣದ ಕಾವಲುಗಾರರನ್ನು ಕಾಪಾಡುವುದೇ ಆಗಿದೆ.