ಜಾಲಪುಟಗಳ ಆಕರಕೋಶ

ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟದಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೊದಲಾದ ತಾಲ್ಲೂಕುಗಳ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆಗಳನ್ನು ಕೊಟ್ಟಿದೆ. ಆ ಸಂಖ್ಯೆಯೊಂದನ್ನು ಹೇಳಿದರೆ ಎಲ್ಲಿಯ ವಿದ್ವಾಂಸನಾದರೂ ಅದೇ ಪಾಠವನ್ನು ತೆರೆದು ಪರಿಶೀಲಿಸಬಲ್ಲನು.

ಅಂತರಜಾಲದ ಪುಟಗಳನ್ನು ರಚಿಸುವವರಿಗೂ ಇಂಥ ಆಕರವೊಂದು ಬೇಕು. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಭಾಷೆಗಳ ಅಂಶಗಳು ನೂರಾರು; ಒಂದು ಬ್ರೌಸರ್ ಬಲ್ಲುದನ್ನು ಇನ್ನೊಂದು ಅರಿಯದಿರಬಹುದು. ಇವನ್ನು ವಿವರಿಸಲು ಮೊಜಿಲ್ಲಾ 2005ರಲ್ಲಿ ಆರಂಭಿಸಿದ ಕೋಶವೇ ಇಂದಿನ ಎಂಡಿಎನ್. ಅದರಲ್ಲಿ ಒಂದೊಂದು ಅಂಶಕ್ಕೂ ಪ್ರತ್ಯೇಕ ಪುಟವುಂಟು; ಅರ್ಥ, ಉದಾಹರಣೆ ಮತ್ತು ಅದು ಯಾವ ಯಾವ ಬ್ರೌಸರುಗಳಲ್ಲಿ ನಡೆಯುವುದೆಂಬ ಪಟ್ಟಿ ಅಲ್ಲಿರುತ್ತವೆ.

ಆಕರದಲ್ಲಿ ನುಸುಳಿದ ಒಂದು ತಪ್ಪು, ಅದನ್ನು ನಂಬಿದ ಸಾವಿರ ತಾಣಗಳಿಗೆ ಹರಡಬಲ್ಲುದು. ಮೊದಲು ಇಲ್ಲಿ ಓದುಗರ ತಿದ್ದುಪಡಿಗಳು ಒಡನೆಯೇ ಪ್ರಕಟವಾಗುತ್ತಿದ್ದುವು. 2020ರ ಡಿಸೆಂಬರಿನಲ್ಲಿ ಕೋಶವು ಗಿಟ್‌ಹಬ್‌ಗೆ ಸಾಗಿದ ಮೇಲೆ, ಪರಿಶೀಲಕರು ಒಪ್ಪಿದುದು ಮಾತ್ರ ಪುಟವನ್ನು ಸೇರುತ್ತದೆ. ಸೂಚಿಸುವ ಹಕ್ಕು ಮಾತ್ರ ಎಲ್ಲರದು. ಅರಕಲಗೂಡಿನ ವಿದ್ಯಾರ್ಥಿಯೂ ಕಂಡ ದೋಷವನ್ನು ತಿದ್ದಿ ಕಳುಹಿಸಬಹುದು.

ಕ್ರಿಯೇಟಿವ್ ಕಾಮನ್ಸ್ ಅನುಮತಿಯಿರುವುದರಿಂದ, ಆಕರವನ್ನು ಹೆಸರಿಸಿ, ಅದೇ ಅನುಮತಿಯಡಿ ಈ ಬರಹಗಳನ್ನು ಕನ್ನಡಕ್ಕೆ ತರಲೂಬಹುದು. ಆಗ ಒಂದು ಪರಿಭಾಷೆಗೆ ಎಲ್ಲೆಡೆ ಒಂದೇ ಕನ್ನಡ ಪದವನ್ನು ಬಳಸುವುದು ಅಗತ್ಯ. ಇಲ್ಲವಾದರೆ ಓದುಗನು ಒಂದೇ ವಸ್ತುವನ್ನು ಎರಡೆಂದು ತಿಳಿದಾನು.