ಸೊಲ್ಲಾಪುರದ ಸಾಹುಕಾರರು ಕಟ್ಟಿದ ವಿಮಾನ ಕಾರ್ಖಾನೆ

ವಿಜಯಪುರದಿಂದ ಉತ್ತರಕ್ಕೆ ನೂರು ಕಿಲೋಮೀಟರ್ ಹೋದರೆ ಸೊಲ್ಲಾಪುರ. ಟಿಕೋಟಾ, ಬಬಲೇಶ್ವರದ ಕಡೆಯವರಿಗೆ ಅದು ಪರವೂರಲ್ಲ. ವ್ಯಾಪಾರ, ಬೀಗಸ್ತನ, ಸಿದ್ಧರಾಮೇಶ್ವರನ ಜಾತ್ರೆ ಎಂದು ಹೋಗಿಬರುವ ಊರೇ. ಆ ಊರಲ್ಲಿ 1882ರಲ್ಲಿ ಹುಟ್ಟಿದ ವಾಲಚಂದ್ ಹೀರಾಚಂದ್ ಅವರ ಹಟದಿಂದಲೇ ಬೆಂಗಳೂರಿನ ಎಚ್‌ಎಎಲ್ ತಲೆಯೆತ್ತಿತು.

ಭಾರತೀಯ ವಾಯುಪಡೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. ಮರುವರ್ಷ ಏಪ್ರಿಲ್‌ನಲ್ಲಿ ಕರಾಚಿಯಲ್ಲಿ ಮೊದಲ ಸ್ಕ್ವಾಡ್ರನ್ ನಿಂತಾಗ ಅದರ ಬಳಿ ಇದ್ದದ್ದು ನಾಲ್ಕೇ ನಾಲ್ಕು ಹಳೆಯ ವಾಪಿಟಿ ವಿಮಾನಗಳು. 1939ರಲ್ಲಿ ಎರಡನೆಯ ಮಹಾಯುದ್ಧ ಶುರುವಾದಾಗಲೂ ಸ್ಕ್ವಾಡ್ರನ್ ಒಂದೇ. ವಿಮಾನಗಳೆಲ್ಲ ಬ್ರಿಟನ್ನಿನಿಂದ ಬರಬೇಕು, ಬ್ರಿಟನ್ನಿಗೋ ತನ್ನದೇ ಆಕಾಶ ಕಾಯುವ ಚಿಂತೆ.

ಅದೇ ವರ್ಷ ಅಮೆರಿಕದ ಹಾದಿಯಲ್ಲಿದ್ದ ವಾಲಚಂದ್ ಅವರಿಗೆ ವಿಲಿಯಂ ಪಾಲಿ ಎಂಬಾತನ ಪರಿಚಯವಾಯಿತು. ಆತ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವನು. ಚೀನಾದಲ್ಲಿ ಆಗುವುದಾದರೆ ಭಾರತದಲ್ಲೇಕೆ ಆಗದು? ವಾಲಚಂದ್ ಬೆನ್ನುಬಿದ್ದರು. ದೆಹಲಿಯ ಬ್ರಿಟಿಷ್ ಸರ್ಕಾರ ಮೀನಮೇಷ ಎಣಿಸಿತು. ಕೈಹಿಡಿದದ್ದು ಮೈಸೂರು ಸಂಸ್ಥಾನ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಸಂಸ್ಥಾನ 700 ಎಕರೆ ಜಮೀನು ಕೊಟ್ಟು, 25 ಲಕ್ಷ ರೂಪಾಯಿ ಹೂಡಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ನೋಂದಣಿಯಾಯಿತು. ಎಂಟೇ ತಿಂಗಳಲ್ಲಿ, ಅಂದರೆ 1941ರ ಆಗಸ್ಟ್‌ಗೆ, ಅಮೆರಿಕದಿಂದ ಬಂದ ಬಿಡಿಭಾಗ ಜೋಡಿಸಿ ಹಾರ್ಲೋ ಎಂಬ ತರಬೇತಿ ವಿಮಾನವನ್ನು ಸಿದ್ಧಪಡಿಸಿದರು.

ಆ ಡಿಸೆಂಬರ್‌ನಲ್ಲಿ ಜಪಾನ್ ಯುದ್ಧಕ್ಕಿಳಿಯಿತು.

1942ರ ಫೆಬ್ರುವರಿಯಲ್ಲಿ ನಮ್ಮ ಮೊದಲ ಸ್ಕ್ವಾಡ್ರನ್ ಬರ್ಮಾದ ಟೌಂಗೂ ತಲುಪಿದ ಬೆನ್ನಲ್ಲೇ ಅಲ್ಲಿನ ವಿಮಾನನೆಲೆಯ ಮೇಲೆ ಜಪಾನೀಯರು ಬಾಂಬ್ ಸುರಿದರು. ಸ್ಕ್ವಾಡ್ರನ್ ಮುಖ್ಯಸ್ಥ ಕೃಷ್ಣ ಮಜುಂದಾರ್ ಸುಮ್ಮನೆ ಕೂರಲಿಲ್ಲ. ಅವರ ಲೈಸಾಂಡರ್, ನೆಲದ ಸೇನೆಗೆ ನೆರವಾಗಲೆಂದು ಮಾಡಿದ ನಿಧಾನಗತಿಯ ವಿಮಾನ. ಅದಕ್ಕೇ ಬಾಂಬ್ ಕಟ್ಟಿಕೊಂಡು ಥಾಯ್ಲೆಂಡಿನ ಮೇ ಹಾಂಗ್ ಸಾನ್‌ನಲ್ಲಿದ್ದ ಜಪಾನೀ ನೆಲೆಗೆ ನುಗ್ಗಿದರು. ಕೈಯಲ್ಲಿ ಒಳ್ಳೆಯ ವಿಮಾನವಿಲ್ಲದೆ ತೋರಿದ ಇಂಥ ಧೈರ್ಯ ಓದುವಾಗ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ.

ಇತ್ತ ಬೆಂಗಳೂರಿನ ಕಾರ್ಖಾನೆಯ ದಿಕ್ಕೇ ಬದಲಾಯಿತು. 1942ರಲ್ಲಿ ಸರ್ಕಾರ ವಾಲಚಂದ್ ಅವರ ಪಾಲನ್ನು ಕೊಂಡು ಆಡಳಿತ ವಹಿಸಿಕೊಂಡಿತು. ಮರುವರ್ಷ ಉಸ್ತುವಾರಿ ಅಮೆರಿಕದ ಸೇನಾ ವಾಯುಪಡೆಗೆ ಹೋಯಿತು. ಹೊಸ ವಿಮಾನ ಮಾಡುವ ಕನಸು ಹಿಂದೆ ಸರಿದು, ಯುದ್ಧದಲ್ಲಿ ಸವೆದ ವಿಮಾನಗಳ ದುರಸ್ತಿ ಮುಂದಾಯಿತು. ನೀರಿನ ಮೇಲಿಳಿಯುವ ಕ್ಯಾಟಲಿನಾಗಳು ಬೆಳ್ಳಂದೂರು ಕೆರೆಗೇ ಬಂದಿಳಿಯುತ್ತಿದ್ದವು. ಮುಂದೆ ನೊರೆಯಿಂದ ಸುದ್ದಿಯಾದ ಅದೇ ಕೆರೆ!

ಕಾರ್ಖಾನೆ ಕಟ್ಟಿದವರ ಕೈಯಿಂದ ಅದನ್ನು ಕಿತ್ತುಕೊಂಡದ್ದು ನ್ಯಾಯವಲ್ಲ. ಆದರೆ ಆ ದುರಸ್ತಿ ಕೆಲಸ ವ್ಯರ್ಥವಾಗಲಿಲ್ಲ. ಎಂಜಿನ್ ಬಿಚ್ಚಿ ಜೋಡಿಸುತ್ತ ನಮ್ಮ ಫಿಟ್ಟರುಗಳ ಕೈ ಪಳಗಿತು. ಜರ್ಮನಿಯಲ್ಲಿ ಓದಿ ಬಂದಿದ್ದ ವಿಷ್ಣು ಮಾಧವ ಘಾಟಗೆ ಯುದ್ಧದ ನಡುವೆಯೇ ಹತ್ತು ಜನ ಕೂರುವ ಗ್ಲೈಡರ್ ರೂಪಿಸಿದರು. 1942ರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗವೂ ಅವರ ನೇತೃತ್ವದಲ್ಲಿ ತೆರೆಯಿತು.

ಯುದ್ಧ ಮುಗಿಯುವ ಹೊತ್ತಿಗೆ ವಾಯುಪಡೆಯಲ್ಲಿ ಒಂಬತ್ತು ಸ್ಕ್ವಾಡ್ರನ್‌ಗಳಿದ್ದವು. 1945ರ ಮಾರ್ಚ್‌ನಲ್ಲಿ ಬ್ರಿಟಿಷ್ ದೊರೆ 'ರಾಯಲ್' ಬಿರುದನ್ನೂ ಕೊಟ್ಟಿದ್ದ. ಗಣರಾಜ್ಯವಾದ ಮೇಲೆ ಅದು ಹೋಯಿತು. ಉಳಿದದ್ದು ಬೆಂಗಳೂರಿನಲ್ಲಿ ಕಲಿತ ವಿದ್ಯೆ. 1951ರ ಆಗಸ್ಟ್ 5ರಂದು ಘಾಟಗೆ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ ಮೊದಲ ಸಲ ಹಾರಿದಾಗ ವಾಲಚಂದ್ ಇನ್ನೂ ಬದುಕಿದ್ದರು. ಅವರು ತೀರಿಕೊಂಡದ್ದು 1953ರಲ್ಲಿ.

ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ಯುವ ಈ ಭಾಗದವರು ಹಳೆಯ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯವನ್ನೂ ತೋರಿಸಬೇಕು. ಅಲ್ಲಿನ ವಿಮಾನಗಳ ಮುಂದೆ ನಿಂತಾಗ ಸೊಲ್ಲಾಪುರದ ವಾಲಚಂದ್ ಅವರ ಹೆಸರನ್ನೂ ಹೇಳಿ.